ರಾಹುಕಾಲದಲ್ಲಿ ತೂಗುಹಾಕಿದ ರಕ್ತ

ಹೊನ್ನಾವರದ ಆಸ್ಪತ್ರೆಯಲ್ಲಿ ಅತ್ತೆಗೆ ರಕ್ತ ಕೊಡಿಸಬೇಕಾಗಿ ಬಂದದ್ದು ಒಂದು ಬುಧವಾರ. ಕಿಡ್ನಿ ಸೋತು ಅವರ ಉಗುರುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ನನ್ನವರು ಬೆಳಿಗ್ಗೆಯೇ ಕುಮಟಾದ ಬ್ಲಡ್ ಬ್ಯಾಂಕಿಗೆ ಹೋಗಿ, ತಮ್ಮ ರಕ್ತ ಕೊಟ್ಟು, ಅತ್ತೆಯ ಗುಂಪಿನ ಒಂದು ಚೀಲ ತಂದರು. ಬದಲಿಗೆ ಯಾರಾದರೂ ರಕ್ತ ಕೊಟ್ಟರೆ ಅಲ್ಲಿ ಅರ್ಧ ಖರ್ಚು ಬಿಡುತ್ತಿದ್ದರು. ಉಳಿದರ್ಧಕ್ಕೆ ಮಗಳ ಶಾಲೆಯ ಫೀಸಿಗೆಂದು ಇಟ್ಟದ್ದನ್ನು ತೆಗೆದಿದ್ದೆವು.

ನರ್ಸ್ ಐಸ್ ಪೆಟ್ಟಿಗೆಯಿಂದ ಚೀಲ ತೆಗೆದು ಸ್ಟ್ಯಾಂಡಿಗೆ ತೂಗುಹಾಕಿದಾಗ ಹನ್ನೆರಡು ದಾಟಿತ್ತು. ಅತ್ತೆಯ ಕೈ ಹಿಡಿದು ಕೂತಿದ್ದ ಅತ್ತಿಗೆ, ಅಂದರೆ ನನ್ನವರ ಅಕ್ಕ, ಆ ಕೈ ಬಿಡಲಿಲ್ಲ.

“ಈಗ ಬೇಡ. ಒಂದೂವರೆವರೆಗೆ ರಾಹುಕಾಲ.”

“ಹೊರಗೆ ತೆಗೆದ ಮೇಲೆ ಅರ್ಧ ಗಂಟೆಯೊಳಗೆ ಶುರು ಮಾಡ್ಬೇಕು ಅಮ್ಮಾ. ಇಲ್ಲಾಂದ್ರೆ ಬಿಸಾಡೋದೇ,” ಎಂದಳು ನರ್ಸ್.

“ಅಷ್ಟೊತ್ತಿಗೆ ಬಂಗಡೆ ಮೀನೂ ಹಾಳಾಗೂದಿಲ್ಲ. ರಕ್ತಕ್ಕೆ ಎಂತ ಆಗ್ತದೆ?”

“ಅತ್ತಿಗೆ, ಹಾಕಿಸುವಾ,” ಎಂದೆ. ದನಿ ತೀರಾ ಮೆಲ್ಲಗಿತ್ತು.

“ನೀ ಕಾನ್ವೆಂಟಲ್ಲಿ ಕಲಿತವಳು. ನಿಂಗೆ ರಾಹುಕಾಲ ಎಂತ ಗೊತ್ತು? ಸುಮ್ನಿರು.”

ಸುಮ್ಮನಿರುವುದನ್ನು ಕಾನ್ವೆಂಟಿನಲ್ಲಿ ಚೆನ್ನಾಗಿಯೇ ಕಲಿಸಿದ್ದರು. ನನ್ನವರು ಸೂಜಿ ಚುಚ್ಚಿದ ಜಾಗದ ಹತ್ತಿ ಒತ್ತಿಕೊಂಡು ಕಿಟಕಿಯಾಚೆ ನೋಡಿದರು. ಅಕ್ಕನೆದುರು ಅವರಿಗೆ ಯಾವತ್ತೂ ಮಾತಿಲ್ಲ. ನರ್ಸ್ ಡಾಕ್ಟರನ್ನು ಕರೆಯಲು ಹೋದಳು, ಅವರು ಆಪರೇಷನ್ನಿನಲ್ಲಿದ್ದರು. ಚೀಲದ ಮೇಲೆ ಮೂಡಿದ್ದ ತಣ್ಣನೆ ಹನಿಗಳು ಫ್ಯಾನಿನ ಗಾಳಿಗೆ ಒಂದೊಂದಾಗಿ ಆರುವುದನ್ನು ನೋಡುತ್ತ ನಿಂತೆ.

ಒಂದು ಗಂಟೆಗೆ ನರ್ಸ್ ಬಂದು, ಚೀಲ ಬಿಚ್ಚಿ ಕಸದ ಹಳದಿ ಡಬ್ಬಿಗೆ ಹಾಕಿದಳು.

ಮೂರು ತಿಂಗಳವರೆಗೆ ನನ್ನವರು ಮತ್ತೆ ರಕ್ತ ಕೊಡುವಂತಿರಲಿಲ್ಲ. ಅತ್ತಿಗೆಗೆ ಗಟ್ಟಿಮುಟ್ಟಾದ ಇಬ್ಬರು ಗಂಡುಮಕ್ಕಳು. ಅವರಲ್ಲೊಬ್ಬರು ಕೊಡಬಹುದಲ್ಲ ಎಂದು ಅತ್ತಿಗೆಯನ್ನು ಕೇಳಿದೆ. “ಅವ್ರಿಗೆ ನಿಶ್ಶಕ್ತಿ ಆಗ್ತದೆ. ಗದ್ದೆ ಕೆಲಸ ನೀ ಮಾಡ್ತ್ಯಾ?” ಎಂದರು. ಕೊನೆಗೆ ನಾನೇ ಕುಮಟಾಕ್ಕೆ ಹೋದೆ. ಬೆರಳು ಚುಚ್ಚಿ ನೋಡಿದ ಹುಡುಗಿ, “ನಿಮಗೇ ರಕ್ತ ಸಾಲದು ಅಕ್ಕಾ,” ಎಂದಳು. ಪೂರ್ತಿ ಖರ್ಚು ಕಟ್ಟಿ ಚೀಲ ತಂದೆ. ಮಗಳ ಫೀಸಿನಲ್ಲಿ ಏನೂ ಉಳಿಯಲಿಲ್ಲ. ಗುರುವಾರ ಬೆಳಿಗ್ಗೆ ಅತ್ತಿಗೆ ತಮ್ಮೂರಾದ ಹೆಬಳೆಯಿಂದ ಬರುವ ಮೊದಲೇ ರಕ್ತ ಹಾಕಿಸಿ ಮುಗಿಸಿದೆ.

ಅತ್ತೆ ಮನೆಗೆ ಬಂದ ಮೇಲೆ ನೋಡಲು ನೆಂಟರು ಬಂದರು. ಅತ್ತಿಗೆ ಹೇಳುತ್ತಿದ್ದರು: “ಅಮ್ಮಂಗೆ ಎರಡು ಬಾಟ್ಲಿ ರಕ್ತ ತರ್ಸಿದ್ವು. ಖರ್ಚು ನೋಡಲೇ ಇಲ್ಲ.”