ಸುಮ್ಮನಿರಲು ಬಿಡದ ಸಸಿ

ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪನಿಂದ ಕುಂಚ ಹಿಡಿಯುವುದನ್ನು ಕಲಿತು, ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತಾನೇ ತಡಕಾಡಿ, ಕೊನೆಗೆ ಚಿತ್ರಗಳನ್ನು ಕುಣಿಸುವ ಅನಿಮೇಷನ್ ಕೆಲಸಕ್ಕೆ ಬಂದವಳು ಗೀಟಕ್ಕ. ಎಂಥ ಅವಸರದಲ್ಲೂ ಗೀಟು ನೆಟ್ಟಗೆ ಎಳೆಯುತ್ತಾಳೆಂದು ಆಫೀಸಿನವರು ಇಟ್ಟ ಹೆಸರು. ಆಫೀಸೆಂದರೆ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ. ಕಿಟಕಿ ತೆರೆದರೆ ರಬ್ಬರ್ ವಾಸನೆ, ಮುಚ್ಚಿದರೆ ಯಂತ್ರಗಳ ಕಾವು.

ಆ ಸಲ ಬಂದದ್ದು ಭತ್ತದ ಸಂಶೋಧನೆಯ ವಿಡಿಯೋ. ಹವಾಮಾನ ಕೆಟ್ಟು ಅಕಾಲದಲ್ಲಿ ನೆರೆ ಬರುವ ಕಡೆಗೆಂದೇ ವಿಜ್ಞಾನಿಗಳು ಬೆಳೆಸಿದ ತಳಿ. ಮಾಮೂಲಿ ಸಸಿ ನೀರಿನಡಿ ಸಿಕ್ಕಿಕೊಂಡರೆ ಮೇಲಕ್ಕೆ ಚಾಚಿ ಚಾಚಿ ಕಸುವೆಲ್ಲ ಕಳೆದುಕೊಂಡು ಸಾಯುತ್ತದೆ. ಈ ತಳಿ ಬೆಳೆಯುವುದನ್ನೇ ನಿಲ್ಲಿಸಿ ಸುಮ್ಮನಿರುತ್ತದೆ. ನೀರಿಳಿದಾಗ ಹಳದಿಯಾಗಿ, ಸತ್ತಂತೆ ಕೆಸರಿಗಂಟಿ ಬಿದ್ದಿರುತ್ತದೆ. ಒಂದೆರಡು ವಾರ ಅದರ ಪಾಡಿಗೆ ಬಿಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ.

ಗೀಟಕ್ಕ ಅದನ್ನೇ ಬಿಡಿಸಿದಳು. ಕೆಸರು, ಹಳದಿ ಸಸಿ. ಆಕಾಶದಲ್ಲಿ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಮತ್ತೆ ಹುಟ್ಟುತ್ತಾನೆ. ಸಸಿ ಅಲುಗುವುದಿಲ್ಲ.

ಮಾಲೀಕ ಹಣೆ ಚಚ್ಚಿಕೊಂಡ. "ಏನ್ ಗೀಟಕ್ಕ, ಸಾವಿನ ಮನೆ ಇದ್ದಂಗಿದೆ! ವಿಡಿಯೋ ನಿಂತುಹೋಯ್ತು ಅಂತ ಜನ ಫೋನ್ ಕುಟ್ತಾರೆ."

"ಅದು ಸುಮ್ಮನಿರೋದೇ ವಿಷಯ, ಸರ್."

"ಸುಮ್ಮನಿರೋದಕ್ಕೆ ನೀವ್ಯಾಕೆ ಬೇಕು? ಒಂದು ಫೋಟೋ ಅಂಟಿಸ್ತಿದ್ದೆ. ಕಣ್ಣು ಬಾಯಿ ಇಡಿ ಅದಕ್ಕೆ. ನೀರು ಇಳಿದ ತಕ್ಷಣ ಟಣ್ ಅಂತ ಎದ್ದು ಕುಣೀಲಿ!"

ನೋಡಿ ಒಪ್ಪಿಗೆ ಕೊಡಲು ಬಂದಿದ್ದ ವಿಜ್ಞಾನಿಯ ಕಡೆ ಗೀಟಕ್ಕ ಆಸೆಯಿಂದ ತಿರುಗಿದಳು. "ಕಾಯಬೇಕು ಅಂತ ಮಾತಲ್ಲಿ ಹೇಳ್ತೀವಲ್ಲ, ಸಾಕು ಬಿಡಿ," ಎಂದು ಆಕೆ ಚೀಲ ಎತ್ತಿಕೊಂಡರು. ದನಿ ಮುಚ್ಚಿಟ್ಟು ಬರೀ ಚಿತ್ರ ನೋಡುವ ಜನರನ್ನು ಆಕೆ ಕಂಡಿಲ್ಲವೇ? ಕಂಡಿದ್ದಾರೆ. ನಾವೆಲ್ಲರೂ ಕಂಡಿದ್ದೇವೆ. ಆದರೆ ಮೀಟಿಂಗ್ ಮುಗಿಯಬೇಕಲ್ಲ!

ಗೀಟಕ್ಕ ಸಸಿಗೆ ಕಣ್ಣು ಬಾಯಿ ಇಟ್ಟಳು. ಕುಣಿಸಿದಳು. ಕೆಟ್ಟದಾಗಿ ಬಿಡಿಸುವುದು ಅವಳ ಕೈಗೆ ಬರುವುದಿಲ್ಲ. ಸಸಿ ನೋಡಿದವರೆಲ್ಲ ನಗುವಂತೆ ಕುಣಿಯಿತು.

ವಿಡಿಯೋ ಊರೂರಿಗೆ ಹರಿದಾಡಿತು. ನದಿದಂಡೆಯಲ್ಲಿ ಗದ್ದೆ ಮಾಡುವ ಅವಳ ಅಕ್ಕ, "ನನ್ನ ತಂಗಿ ಮಾಡಿದ್ದು" ಎಂದು ಓಣಿಗೆಲ್ಲ ತೋರಿಸಿ ಅದೇ ತಳಿ ನಾಟಿ ಮಾಡಿಸಿದಳು. ಗೀಟಕ್ಕ ಹೇಳದೆ ಇರಲಿಲ್ಲ. "ನೀರು ಇಳಿದ ಮೇಲೆ ಸ್ವಲ್ಪ ಕಾಯ್ಬೇಕು ಅಕ್ಕಾ." ಅಕ್ಕ ನಕ್ಕಳು. "ನೋಡಿದೀನಲ್ಲೇ, ನನಗೇ ಪಾಠ ಹೇಳ್ತೀಯಾ?"

ನೆರೆ ಬಂತು, ಇಳಿಯಿತು. ಅಕ್ಕ ಫೋನ್ ಮಾಡಿದಾಗ ಅವಳ ದನಿಯ ಹಿಂದೆ ಟ್ರ್ಯಾಕ್ಟರ್ ಗುಡುಗುತ್ತಿತ್ತು.

"ಏನೇ ನಿನ್ನ ಸಸಿ! ಒಂದಾದ್ರೂ ಏಳಬೇಡ್ವಾ? ಎಲ್ಲ ಹಳದಿ. ನಿಮ್ಮ ಭಾವ ಉತ್ತು ಬೇರೆ ಹಾಕ್ತಿದಾರೆ."

"ಅಕ್ಕಾ, ಟ್ರ್ಯಾಕ್ಟರ್ ನಿಲ್ಸು! ಅದು ಬದುಕಿದೆ!"

"ಬದುಕಿದ್ರೆ ಹೀಗಿರುತ್ತಾ? ನಿನ್ನದು ಎದ್ದು ಕುಣೀತಿತ್ತಲ್ಲ?"

"ನಾನು ಬಿಡಿಸಿದ್ದು ಸುಳ್ಳು ಅಕ್ಕಾ. ನಿನ್ನ ಕಾಲು ಹಿಡೀತೀನಿ, ಓಡು!"

ಕೆಸರಿನಲ್ಲಿ ಕಾಲು ಕಿತ್ತಿಡುವ ಸದ್ದು, "ನಿಲ್ಸ್ರೀ, ನಿಲ್ಸ್ರೀ" ಎಂಬ ಕೂಗು. ಕೊನೆಗೊಮ್ಮೆ ಯಂತ್ರದ ಸದ್ದು ಅಡಗಿತು. ಅಕ್ಕ ಏದುಸಿರು ಬಿಡುತ್ತ, "ಬದುವಿನ ಪಕ್ಕ ಒಂದು ಪಟ್ಟಿ ಉಳಿದಿದೆ," ಎಂದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೀಟಕ್ಕ ಮಾಲೀಕನ ಮೇಜಿನ ಮುಂದೆ ಹೋಗಿ ನಿಂತಳು. "ಆ ವಿಡಿಯೋ ಈಗಲೇ ತೆಗೀರಿ, ಸರ್."

"ಈಗ ತೆಗೆದ್ರೆ ತಪ್ಪು ನಮ್ಮದು ಅಂತಾಗುತ್ತೆ."

"ನಮ್ಮದೇ ಅಲ್ವಾ?"

ಅವನು ಹೆಡ್‌ಫೋನ್ ಏರಿಸಿಕೊಂಡ. ಗೀಟಕ್ಕ ವಿಜ್ಞಾನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು, ಮತ್ತೆ. ವಿಡಿಯೋ ನೋಡಿ ಅದೇ ತಳಿ ನೆಟ್ಟಿದ್ದ, ನದಿಯ ಕೆಳಗಿನ ಊರುಗಳಲ್ಲಿ ನೀರು ಆಗಷ್ಟೇ ಇಳಿಯತೊಡಗಿತ್ತು.