ಎರಡನೇ ಸೈರನ್

ನಾನು ದುಬೈನಲ್ಲಿ ಕೆಲಸಕ್ಕಿದ್ದಾಗ ಅಪ್ಪ, ಅವ್ವ ಬಂದಿದ್ದರು. ಅಪ್ಪ ಯಶವಂತನಗರದ ಗಣಿಯಲ್ಲಿ ಬ್ಲಾಸ್ಟಿಂಗ್ ಹೊತ್ತಿಗೆ ಕೆಂಪು ಬಾವುಟ ಹಿಡಿದು ಲಾರಿ ತಡೆಯುತ್ತಿದ್ದವರು. ಅದನ್ನು ಮರೆತು ಅವರನ್ನು ಥೀಮ್ ಪಾರ್ಕಿನಲ್ಲಿ ಸುರಂಗದೊಳಗೆ ಓಡುವ ಗಣಿ ರೈಲು ಹತ್ತಿಸಲು ಹೋದೆ.

ಕ್ಯೂ ಮುಂದೆ ಸರಿಯುವಾಗ ಸೈರನ್ ಕೂಗಿತು. ಅಪ್ಪ ಅವ್ವನ ಹೆಗಲಿನ ಕೆಂಪು ಶಾಲು ಎಳೆದುಕೊಂಡು ಗೇಟಿಗೆ ಅಡ್ಡ ನಿಂತರು.

"ಯಾರೂ ಮುಂದ ಹೋಗಬ್ಯಾಡ್ರಿ."

ಒಳಗೆ ಢಂ ಅಂತ ಸದ್ದಾಯಿತು. ಹಿಂದಿದ್ದ ಜನ ಇದೂ ಆಟದ ಭಾಗವೆಂದುಕೊಂಡು ಶಿಸ್ತಾಗಿ ನಿಂತು ಅಪ್ಪನ ಫೋಟೋ ತೆಗೆದರು.

"ಅಪ್ಪಾ, ಇದು ಸುಳ್ಳು ಗಣಿ. ಸದ್ದೂ ಸುಳ್ಳು."

"ಇರ್ಲಿ. ಎರಡನೇ ಸೈರನ್ ಆಗ್ಲಿ, ಬಿಡ್ತೀನಿ."

ಅಪಾಯ ಮುಗಿಯಿತು ಅನ್ನುವ ಆ ಸೈರನ್ ಅಲ್ಲಿ ಇರಲೇ ಇಲ್ಲ. ಗೇಟು ಕಾಯುತ್ತಿದ್ದ ಯೂನಿಫಾರ್ಮಿನ ಹುಡುಗಿಗೆ ವಿಷಯ ಬಿಡಿಸಿ ಹೇಳಿದೆ. ಆಕೆ ನಗಲಿಲ್ಲ, ಹೋಗಿ ಇನ್ನೊಮ್ಮೆ ಸೈರನ್ ಕೂಗಿಸಿದಳು. ಅಪ್ಪ ಶಾಲು ಮಡಚಿ, "ಈಗ ಹೋಗ್ರಿ" ಅಂದರು. ತಾವು ಮಾತ್ರ ಹತ್ತಲಿಲ್ಲ.

"ಹೆಲ್ಮೆಟ್ ಇಲ್ದ ನಾ ಗಣಿಯಾಗ ಕಾಲಿಡಂಗಿಲ್ಲ."

ಅವ್ವ, ನಾನು ಹತ್ತಿದೆವು. ಸುಳ್ಳು ಗಣಿ ಅಂದವನು ನಾನೇ. ಆದರೂ ಸುರಂಗ ದಾಟುವತನಕ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡೇ ಕುಂತಿದ್ದೆ.