ದುಂಡವ್ವನ ಬಿಳಿ ಉಳ್ಳಾಗಡ್ಡಿ

ಕಣ್ಣು ಮುಚ್ಚಿಸಿ ಕೈಗೆ ಎಲೆ ಕೊಡ್ರಿ, ದುಂಡವ್ವ ಹೆಸರು ಹೇಳುತ್ತಾಳೆ. ಚಪ್ಪಟೆ ಇದ್ದರೆ ಬಳ್ಳೊಳ್ಳಿ. ದುಂಡಗಿದ್ದು ಒಳಗೆ ಪೊಳ್ಳಾಗಿದ್ದರೆ ಉಳ್ಳಾಗಡ್ಡಿ. ನಿಡೋಣಿಯ ಹೊಲದಲ್ಲಿ ನಲವತ್ತು ವರ್ಷ ಕಸ ತೆಗೆದ ಕೈ ಅದು. ಸಂತೆಯಲ್ಲಿ ಅವಳು ಬುಟ್ಟಿಗೆ ಕೈ ಹಾಕಿದರೆ ಮಾರುವವನು ಮಾತು ನಿಲ್ಲಿಸುತ್ತಿದ್ದ. ಈಗ ವಿಜಯಪುರದಲ್ಲಿ ಮಗನ ಮನೆಯ ಮಾಳಿಗೆಯೇ ಅವಳ ಹೊಲ, ಹಳೇ ಬಣ್ಣದ ಡಬ್ಬಿಗಳೇ ಮಡಿ.

ಅವುಗಳಲ್ಲಿ ಒಂದು ಡಬ್ಬಿಯ ಮೇಲೆ ಅವಳ ಜೀವ. ತವರುಮನೆಯ ಬಿಳಿ ಉಳ್ಳಾಗಡ್ಡಿ, ಅವ್ವ ವರ್ಷವರ್ಷವೂ ಬೀಜ ಮಾಡಿಟ್ಟು ಉಳಿಸಿದ್ದು. ಅಣ್ಣನ ಮಕ್ಕಳು ದ್ರಾಕ್ಷಿ ಹಚ್ಚಿದ ಮೇಲೆ ಆ ಬೀಜ ಇಟ್ಟವರು ಯಾರೂ ಇಲ್ಲ. ಉಳ್ಳಾಗಡ್ಡಿ ಬೀಜವೋ, ಎರಡು ವರ್ಷ ಇಟ್ಟರೆ ಹುಟ್ಟುವುದೇ ಕಷ್ಟ. ಅರಿವೆಯ ಗಂಟಿನಲ್ಲಿದ್ದ ಕಡೆಯ ಚಿಟಿಕೆಯನ್ನು ಈ ಸಲ ಉದುರಿಸಿದ್ದಳು. ದಾರದಂಥ ಅಗಿ, ಎಳೆ ಸಸಿಗಳು, ಎದ್ದಿದ್ದವು.

ಪಕ್ಕದ ಡಬ್ಬಿ ಸೊಸೆ ಚಂದ್ರಕಲಾಳದು. ಸಾಲಿಯಲ್ಲಿ ಜೊತೆಗೆ ಕಲಿಸುವ ಶರ್ವರಿ ಕೊಟ್ಟ ಚೈವ್ಸ್ ಅದರಲ್ಲಿತ್ತು. ಅದೂ ಉಳ್ಳಾಗಡ್ಡಿ ಜಾತಿಯದೇ, ಆದರೆ ಗಡ್ಡೆ ಕಟ್ಟುವುದಿಲ್ಲ, ಕತ್ತರಿಸಿದಷ್ಟೂ ಚಿಗುರುತ್ತದೆ. ದುಂಡವ್ವ ಅದಕ್ಕೆ ಕರಿಕಿ ಹುಲ್ಲು ಎಂದೇ ಹೆಸರಿಟ್ಟಿದ್ದಳು.

ದುಂಡವ್ವ ಬಬಲೇಶ್ವರದ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದ ಮಧ್ಯಾಹ್ನ ಸೊಸೆ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಜುಣಕ ಬಡಿಸಿದಳು. ಜುಣಕದ ಮೇಲೆ ಹಸಿರು ಉದುರಿಸಿದ್ದಳು.

"ನಿಮ್ಮ ಕರಿಕಿ ರುಚಿ ನೋಡ್ರಿ ಅತ್ತಿ."

ಎರಡು ತುತ್ತು ಒಳಗೆ ಹೋದವು. ಮೂರನೆಯದು ಕೈಯಲ್ಲೇ ನಿಂತಿತು.

"ಚಂದ್ರಾ, ಇದು ಕರಿಕಿ ಅಲ್ಲಬೇ. ಇದು ನಮ್ಮವ್ವನ ಮನಿ ಸಿಹಿ."

ಆ ನಾಲ್ಕು ದಿನದಲ್ಲಿ ನೀರಿನ ಟಾಕಿ ತೊಳೆಯಲು ಬಂದವರು ಡಬ್ಬಿಗಳನ್ನು ಸರಿಸಿ, ಅದಲುಬದಲು ಇಟ್ಟು ಹೋಗಿದ್ದರು. ಅದು ಈಗ ಹೊಳೆದು ಸೊಸೆ ಸೌಟು ಕೆಳಗಿಟ್ಟಳು.

"ಬುಡಾ ಎಷ್ಟ ಬಿಟ್ಟಿ?"

"ಎರಡ ಬೆರಳು... ಕತ್ರಿಲೆ ಕತ್ತರಿಸೀನ್ರಿ."

ದುಂಡವ್ವ ಉಣ್ಣುವ ಕೈಯಲ್ಲೇ ಮಾಳಿಗೆ ಹತ್ತಿ, ಡಬ್ಬಿಯ ಮುಂದೆ ಕುಂತು, ಸೊಸೆಯ ಬೆರಳು ಹಿಡಿದು ಮಣ್ಣಿಗೆ ತಾಗಿಸಿದಳು.

"ಮುಟ್ಟಿ ನೋಡು. ನಿನ್ನ ಕರಿಕಿ ಒಂದ ಬುಡಕ್ಕ ಹತ್ತ ಎಲಿ, ಗುಂಪು. ನಮ್ಮ ಅಗಿ ಒಂಟಿಗಾಲಿಲೆ ನಿಂತಾವ. ಇಷ್ಟ ಗೊತ್ತಾಗಲಿಲ್ಲೇನು, ಟೀಚರಬಾಯಿ?"

"ತಪ್ಪಾತ್ರಿ ಅತ್ತಿ. ಬೀಜಾ ಬ್ಯಾರೆ ಅದಾವೇನ್ರಿ?"

"ಇಲ್ಲ."

ಚಂದ್ರಕಲಾಳ ಕಣ್ಣು ತುಂಬಿದ್ದು ಕಂಡು ದುಂಡವ್ವನ ದನಿ ಇಳಿಯಿತು. "ಅಗಿ ಹಚ್ಚೂಮುಂದ ನಾವೂ ತುದಿ ಕೊಯ್ತಿದ್ವಿ. ನಿನ್ನಂಗ ಬರಗೆಟ್ಟ ಕೊಯ್ತಿರಲಿಲ್ಲ, ಅಷ್ಟ. ಅಳಬ್ಯಾಡ, ನೀರ ಹಾಕು."

ಚಿಗುರು ನಡುವಿನಿಂದ ಬರಬೇಕು. ಬರದಿದ್ದರೆ ಅವ್ವನ ಉಳ್ಳಾಗಡ್ಡಿ ಆ ಜುಣಕಕ್ಕೇ ಮುಗಿದಂತೆ. ಮೂರು ದಿನ ದುಂಡವ್ವ ಮಾಳಿಗೆ ಹತ್ತಲಿಲ್ಲ, ಮೊಣಕಾಲು ನೋವು ಅಂದಳು. ಮೊಣಕಾಲಿನದಲ್ಲ ಎಂದು ಸೊಸೆಗೆ ಗೊತ್ತಿತ್ತು.

ನಾಲ್ಕನೆಯ ಮುಂಜಾನೆ ಮೇಲಿನಿಂದ ಕೂಗು ಬಂತು. "ಅತ್ತೀ, ಚಿಗತಾವ್ರಿ!"

"ಯಾವು? ನಿನ್ನವೋ, ನನ್ನವೋ? ಮುಟ್ಟಿ ನೋಡಿ ಹೇಳು."

ಮೇಲೆ ಡಬ್ಬಿ ಸರಿದ ಸದ್ದಾಯಿತು.

"ಒಂಟಿಗಾಲಿನವು!"

ದುಂಡವ್ವ ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದಳು. "ಹಂಗಾದ್ರ ಆ ಕತ್ರಿ ಕೆಳಗ ಇಟ್ಟ ಬಾ," ಅಂದಳು.